ಹಳೆ ಪುಸ್ತಕಗಳ ಕೋಣೆಗೆ ಹೋಗುವ ಮುನ್ನ

ಮಗಳೇ,

ಕಣ್ಣಿನ ಡಾಕ್ಟರ ಹತ್ತಿರ ಬೇಗ ಹೊರಟಿದ್ದೇನೆ. ನಿನ್ನ ಅಲರ್ಜಿಯ ಹನಿ ಔಷಧಿ ಫ್ರಿಜ್ಜಿನಲ್ಲಿದೆ, ಇವತ್ತೂ ತಪ್ಪಿಸಬೇಡ. "ಈಗ ಚೆನ್ನಾಗಿದೀನಲ್ಲ ಅತ್ತೆ" ಅನ್ನುವ ರಾಗ ಬೇಡ, ಚೆನ್ನಾಗಿರುವುದು ಅದರಿಂದಲೇ. ನಾಲಿಗೆಯ ಕೆಳಗೆ ಹಾಕಿಕೊಂಡು ಎರಡು ನಿಮಿಷ ಮಾತಾಡದೆ ಇರು. ನಿನಗೆ ಅದೇ ಕಷ್ಟ, ಗೊತ್ತು.

ಧೂಳು, ಹೂವಿನ ಪರಾಗ, ನನ್ನ ಬೆಕ್ಕು, ಯಾವುದೂ ಆಗದ ನೀನು ಈ ಮನೆಗೆ ಬಂದಾಗ ನಲ್ಲಿ ಬಿಟ್ಟುಕೊಂಡು ಆ ಸದ್ದಿನಲ್ಲಿ ಸೀನುತ್ತಿದ್ದೆ. ಕೇಳಿದರೆ, "ಮುಖ ತೊಳೀತಿದ್ದೆ ಅತ್ತೆ." ಎಂಥ ಅಲಂಕಾರದ ಹುಚ್ಚಪ್ಪಾ ಇವಳಿಗೆ ಎಂದುಕೊಂಡಿದ್ದೆ! ನಾನು ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಟ್ಟೇನು ಎಂದು ಹೆದರಿದ್ದೆಯಂತೆ. ನಿನ್ನ ಗಂಡ ಆಮೇಲೆ ಹೇಳಿದ. ಈಗ ಅದು ಮಲಗುವುದು ನಿನ್ನ ಮಡಿಲಲ್ಲೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಲೈಬ್ರರಿಯ ಹಳೆ ಪುಸ್ತಕಗಳ ಕೋಣೆಯಿಂದ ಕೆಮ್ಮುತ್ತಾ ಹೊರಬಂದು ಕೌಂಟರಿನಲ್ಲಿ ಕೂರಬೇಕಾಗಿ ಬಂದವಳು ನೀನು. ಇವತ್ತಿನಿಂದ ಆ ಕೋಣೆ ನಿನ್ನದು. ಮಾಸ್ಕ್, ಇನ್‌ಹೇಲರ್ ಚೀಲದಲ್ಲಿ ಇಟ್ಟಿದ್ದೇನೆ.

ನನ್ನ ಬಸ್ಸು ಲೈಬ್ರರಿಯ ಮುಂದೆಯೇ ವಾಪಸ್ಸು ಬರುತ್ತದೆ. ಕಣ್ಣಿಗೆ ಔಷಧಿ ಹಾಕಿರುತ್ತಾರೆ, ಎಲ್ಲ ಮಂಜುಮಂಜು. ಆದರೂ ಆ ಕೋಣೆಯ ಕಿಟಕಿಯತ್ತ ಕೈ ತೋರಿಸಿ, "ಅಲ್ಲಿರೋಳು ನಮ್ಮ ಸೊಸೆ" ಎಂದು ಪಕ್ಕದಲ್ಲಿ ಕೂತವರಿಗೆ ಹೇಳದೆ ಬಿಡುವವಳಲ್ಲ ನಾನು.

ಅತ್ತೆ