ಒಗ್ಗರಣೆಯಿಲ್ಲದ ಕೋಸಂಬರಿ

ಬ್ಲಫ್,
೨೪ ನವೆಂಬರ್ ೧೯೪೨

ಅವ್ವನ ಪಾದಕ್ಕೆ ಮಲ್ಲಿಗಮ್ಮ ಮಾಡುವ ನಮಸ್ಕಾರ.

ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ನನ್ನನ್ನು ಮದ್ದೂರಿಗೆ ವಾಪಸ್ಸು ಕಳಿಸಿಬಿಡುತ್ತಾರೋ ಏನೋ, ಅವ್ವ.

ಹೆಣ್ಣು ನೋಡಲು ಬಂದವರಿಗೆ ನೀನು, "ಅಡುಗೆಯೆಲ್ಲ ಬತ್ತದೆ" ಅಂದುಬಿಟ್ಟೆ. ಚಿಕ್ಕಮ್ಮನ ಸೆರಗಿಗೆ ಒಲೆಯ ಬೆಂಕಿ ಹತ್ತಿ ಅವಳು ಅಂಗಳಕ್ಕೆ ಓಡಿಬಂದದ್ದನ್ನು ಕಂಡ ಮೇಲೆ ನಾನು ಒಲೆಯ ಹತ್ತಿರ ಸುಳಿದವಳಲ್ಲ ಎಂದು ನಿನಗೆ ಗೊತ್ತಿತ್ತು. ಇಲ್ಲಿ ಗುಟ್ಟು ಹೇಗೋ ಉಳಿದಿತ್ತು. ಈ ಬ್ಲಫ್‌ನಲ್ಲಿ ಕರೆಂಟು ತಯಾರಿಸುವ ಪವರ್ ಹೌಸಿನವರ ಮನೆಗಳಿಗೆಲ್ಲ ಕರೆಂಟು ದೀಪ, ಕಡ್ಡಿ ಗೀರುವ ಕೆಲಸವಿಲ್ಲ. ಒಲೆ ಅತ್ತೆಯದು, ಬೀಸುವುದು, ರುಬ್ಬುವುದು, ನೀರು ತರುವುದು ನನ್ನದು.

ಮೊನ್ನೆ ಭಾನುವಾರ ನಮ್ಮ ಸಾಲಿನ ಹೆಂಗಸರೆಲ್ಲ ಸೇರಿ ನೆಲ್ಲಿಮರದ ಕೆಳಗೆ ವನಭೋಜನ ಇಟ್ಟುಕೊಂಡಿದ್ದರು. ಮನೆಗೊಂದು ಅಡುಗೆ. ನಮ್ಮ ಮನೆಯದು ಚಿತ್ರಾನ್ನ ಎಂದು ಮೇಸ್ತ್ರಿಯವರ ಹೆಂಡತಿ ಜಯಲಕ್ಷ್ಮಮ್ಮ ಹೇಳಿ ಹೋಗಿದ್ದರು. ಹಿಂದಿನ ದಿನವೇ ಅತ್ತೆಗೆ ಚಳಿಜ್ವರ ಬಂತು. ಪಕ್ಕದ ಮನೆಯ ಬೀರಮ್ಮ ಗಂಜಿ ತಂದುಕೊಟ್ಟರು. ಅತ್ತೆ ಕಂಬಳಿಯೊಳಗಿಂದಲೇ, "ನೀನೇ ಮಾಡ್ಕಂಡು ಓಗವ್ವ, ನಿನ್ನ ಕೈರುಚಿ ಎಲ್ರೂ ನೋಡ್ಲಿ" ಅಂದರು.

ಬೆಳಿಗ್ಗೆ ಒಲೆಯ ಮುಂದೆ ಕೂತು ಪುಳ್ಳೆ ಜೋಡಿಸಿದೆ. ಕಡ್ಡಿ ಗೀರಿದೆ. ಆ ಸಣ್ಣ ಉರಿಯಲ್ಲೇ ಚಿಕ್ಕಮ್ಮನ ಕೂಗು ಕೇಳಿದಂತಾಗಿ ಅದನ್ನು ನೀರಿಗೆ ಎಸೆದೆ. ಮತ್ತೆ ಗೀರಲು ಆಗಲಿಲ್ಲ. ಹೆಸರುಬೇಳೆ ನೆನೆಹಾಕಿ, ಸೌತೆಕಾಯಿ ಹೆಚ್ಚಿ, ಕಾಯಿ ತುರಿದು, ನಿಂಬೆಹಣ್ಣು ಹಿಂಡಿ, ಕೋಸಂಬರಿ ಮಾಡಿಕೊಂಡು ಹೋದೆ.

ಜಯಲಕ್ಷ್ಮಮ್ಮ ಬಾಯಿಗಿಟ್ಟು, "ಒಗ್ಗರಣೆನೇ ಇಲ್ವಲ್ಲಮ್ಮ" ಅಂದರು. ಪಾಯಸ ಬಿಸಿಮಾಡಲು ಅಲ್ಲೇ ಕಲ್ಲಿಟ್ಟು ಬೆಂಕಿ ಹಾಕಿದ್ದರು. ನನ್ನ ಕೈಗೆ ಎಣ್ಣೆಯ ಸೌಟು ಕೊಟ್ಟು, "ಇಲ್ಲೇ ಒಂದಿಷ್ಟು ಚಟಪಟ ಅನ್ಸು" ಅಂದರು. ಹತ್ತಿರ ಹೋದೆ. ಗಾಳಿಗೆ ಉರಿ ನನ್ನ ಕಡೆ ಬಾಗಿತು. ಸೌಟು ಕೈಜಾರಿತು.

"ನಂಗೆ ಬೆಂಕಿ ಅಂದ್ರೆ ಭಯ. ಅಡುಗೆ ಬರಾಕಿಲ್ಲ" ಎಂದು ಎಲ್ಲರ ಮುಂದೆ ಬಾಯಿಬಿಟ್ಟೆ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಾಗಿತ್ತು.

ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಅತ್ತೆ ಎದ್ದು ಕೂತಿದ್ದರು. "ನಿಮ್ಮವ್ವ ನಮ್ಗೆ ಸುಳ್ಳೇಳಿದ್ರಾ?" ಎಂದು ಕೇಳಿದರು. ಚಿಕ್ಕಮ್ಮನ ವಿಷಯವೆಲ್ಲ ಹೇಳಿದೆ, ಅವಳು ಉಳಿಯಲಿಲ್ಲ ಅನ್ನುವುದನ್ನೂ ಹೇಳಿದೆ. ಕೇಳಿ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಅಂದಿನಿಂದ ಮಾತಿಲ್ಲ. ನಿನ್ನ ಅಳಿಯ ಪಾಳಿ ಮುಗಿಸಿ ಬಂದು, ಬೀರಮ್ಮ ಕೊಟ್ಟ ಮುದ್ದೆ ಉಂಡು, ನಮ್ಮಿಬ್ಬರ ಮುಖ ನೋಡಿ ಮಲಗಲು ಹೋಗುತ್ತಾರೆ. ಬಾಗಿಲು ಸದ್ದಾದರೆ ಎದ್ದು ನಿಲ್ಲುತ್ತೇನೆ. ಇವರು ಅಪ್ಪನನ್ನು ಕರೆಸಿದರೆ, ಅಪ್ಪ ಎದುರು ಮಾತಾಡದಂತೆ ನೀನೇ ನೋಡಿಕೋ.

ನಿನ್ನ ಮಗಳು,
ಮಲ್ಲಿಗಮ್ಮ

ಕಾಗದ ಮಡಿಸುವಷ್ಟರಲ್ಲಿ ನಡೆದದ್ದು: ಅತ್ತೆ ಅಡುಗೆಮನೆಯಿಂದ ಕೂಗಿದರು. ಹೋದೆ. ಒಲೆಯ ಪಕ್ಕ ತುಂಬಿದ ಕೊಡ ತಂದಿಟ್ಟಿದ್ದರು. "ನೀನು ಹಚ್ಚು. ಸೆರಗು ನಾನು ಇಡ್ಕಂಡಿರ್ತೀನಿ" ಅಂದರು. ಹಚ್ಚಿದೆ, ಅವ್ವ. ಗಂಜಿ ಕುದಿಯುವವರೆಗೂ ನನ್ನ ಸೆರಗು ಅವರ ಮುಷ್ಟಿಯಲ್ಲೇ ಇತ್ತು. ಗಂಜಿ ತಳ ಸೀದಿತ್ತು. ಇಬ್ಬರೂ ಅದನ್ನೇ ಕುಡಿದೆವು.