ಸುಕ್ಕಿಲ್ಲದ ಹಾಸಿಗೆ

ಬುಧವಾರ, ಮಧ್ಯಾಹ್ನ ಊಟವಾದ ಮೇಲೆ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮಗಳೇ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನೊಬ್ಬಳೇ ಮಾತಾಡಿದೆ. ನಾನು ಹಲೋ ಅಂದದ್ದೊಂದೇ. ಅಳು, ಬೈಗುಳ, ಮತ್ತೆ ಅಳು, ಕೊನೆಗೆ ‘ಶನಿವಾರ ನಾನೇ ಬಂದು ಕರ್ಕೊಂಡು ಹೋಗ್ತೀನಿ, ಊರೂರು ಅಲೆದಿದ್ದು ಸಾಕು’ ಎಂಬ ತೀರ್ಪು. ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ನಡುವೆ ಬಾಯಿ ಹಾಕಲು ನಿನ್ನಿಂದಾಗದು. ಕೊರಿಯರಿನವನು ನಾಳೆಯೇ ಮುಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದಾನೆ. ಕೊನೆಯವರೆಗೂ ಓದು, ಆಮೇಲೆ ಬೇಕಾದರೆ ಎಗರಾಡು.

ಮೊದಲನೆಯದಾಗಿ, ನಾನು ಕಳೆದುಹೋಗಿರಲಿಲ್ಲ. ಲಾಡ್ಜಿನ ಮ್ಯಾನೇಜರ್ ಹೇಳಿದ್ದನ್ನು ಕೇಳಿದ್ದೀಯ, ಈಗ ನಾನು ಹೇಳುವುದನ್ನು ಕೇಳು. ನಾನೂ, ನಾವೆಲ್ಲ ‘ಗಡಿಬಿಡಿ’ ಎಂದೇ ಕರೆಯುವ ನನ್ನ ಗೆಳತಿಯೂ ಜೀವಮಾನವಿಡೀ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಹಾಸಿಗೆ ಹಾಸಿದವರು. ನಿವೃತ್ತಿಯಾದರೇನು, ಬೆಳಗ್ಗೆ ಎದ್ದ ಕೂಡಲೇ ಕೈ ತಾನಾಗಿ ಚಾದರಕ್ಕೆ ಹೋಗುತ್ತದೆ. ಸೋಮವಾರ ಸಮುದ್ರದ ದಡಕ್ಕೆ ಹೊರಡುವ ಮೊದಲು ಅವಳು ಆ ಬದಿ, ನಾನು ಈ ಬದಿ ನಿಂತು ಚಾದರವನ್ನು ಎಳೆದು, ಮೂಲೆಗಳನ್ನು ಮಡಿಸಿ ಒಳಗೆ ತುರುಕಿದೆವು. ಒಂದು ಸುಕ್ಕೂ ಇರಲಿಲ್ಲ. ನೆಲದ ಮೇಲೆ ಸಾಮಾನು ಕಂಡರೆ ನಮ್ಮ ದೊಡ್ಡ ನರ್ಸಮ್ಮ ಕೂಗಾಡುತ್ತಿದ್ದಳಲ್ಲ, ಆ ಹೆದರಿಕೆ ಇನ್ನೂ ಹೋಗಿಲ್ಲ. ಬ್ಯಾಗುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ನನ್ನ ಫೋನೂ ಅದರೊಳಗೇ ಉಳಿಯಿತು. ಬಚ್ಚಲು ಒರೆಸಿದ್ದು ಗಡಿಬಿಡಿ. ದುಡ್ಡು ಕೊಟ್ಟು ಇಳಿದುಕೊಂಡ ಕಡೆ ಯಾರಾದರೂ ಬಚ್ಚಲು ಒರೆಸುತ್ತಾರೇನೇ? ಇವಳು ಒರೆಸುತ್ತಾಳೆ.

ನಾವು ಆಚೆ ಹೋದ ಮೇಲೆ ಗುಡಿಸುವವಳು ಬಂದಿದ್ದಾಳೆ. ಕೋಣೆ ನೋಡಿ, ‘ಇಲ್ಲಿ ಯಾರೂ ಮಲಗೇ ಇಲ್ಲ ಸಾರ್’ ಎಂದು ಮ್ಯಾನೇಜರನಿಗೆ ವರದಿ ಕೊಟ್ಟಿದ್ದಾಳೆ. ಹಿಂದಿನ ರಾತ್ರಿ ನಮ್ಮನ್ನು ಬರಮಾಡಿಕೊಂಡವನು ಪಾಳಿ ಮುಗಿಸಿ ಮನೆಗೆ ಹೋಗಿದ್ದ. ಇವನಿಗೆ ನಮ್ಮ ಮುಖವೇ ಗೊತ್ತಿಲ್ಲ. ಕೋಣೆ ಕಾದಿರಿಸುವಾಗ ನೀನು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿ, ನಿಮ್ಮ ತಾಯಿ ಬಂದೇ ಇಲ್ಲ ಎಂದುಬಿಟ್ಟ. ನೀನು ನನಗೆ ಫೋನ್ ಮಾಡಿದರೆ ಅದು ಕಪಾಟಿನೊಳಗೆ ಬಡಿದುಕೊಳ್ಳುತ್ತಿತ್ತು. ಅಳಿಯಂದಿರು ಕೆಲಸ ಬಿಟ್ಟು ಪೊಲೀಸರ ಹತ್ತಿರ ಓಡಿದರಂತೆ. ಪಾಪ, ಅವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳು. ನಿನ್ನ ಕ್ಷಮೆ ಮಾತ್ರ ಕೇಳುವುದಿಲ್ಲ.

ನಾವು ಕಾಲಿಗೆಲ್ಲ ಮರಳು ಮೆತ್ತಿಕೊಂಡು ವಾಪಸು ಬಂದರೆ, ನಮ್ಮ ಹಾಸಿಗೆಯ ಮೇಲೆ ಯಾವನೋ ಬ್ರಷ್ಷು ಮಾರುವವನು ಗೊರಕೆ ಹೊಡೆಯುತ್ತಿದ್ದ. ಗಡಿಬಿಡಿ ಏನು ಮಾಡಿದಳು ಗೊತ್ತೇ? ಸೀದಾ ಹೋಗಿ ಅವನ ಹಣೆ ಮುಟ್ಟಿ ನೋಡಿ, ‘ಜ್ವರ ಇಲ್ಲ, ಏಳಪ್ಪ’ ಅಂದಳು! ಅವನು ಹೌಹಾರಿ ಬನಿಯನ್ನಿನಲ್ಲೇ ಹೊರಗೆ ಓಡಿದ. ನಾವು ಬಿದ್ದು ಬಿದ್ದು ನಕ್ಕೆವು. ನೀನೂ ನಗಬೇಕಿತ್ತು ಕಣೇ. ಇದನ್ನೆಲ್ಲ ಹೇಳಲೂ ಬಿಡದೆ, ‘ಆ ಹೆಂಗಸೇ ನಿನ್ನ ತಲೆ ಕೆಡಿಸಿದ್ದು, ಅವಳ ದಾರಿ ಅವಳು ನೋಡ್ಕೊಳ್ಲಿ’ ಅಂದೆ. ನನಗೆ ಉರಿದುಹೋಯಿತು.

ಅವಳ ತಲೆ ಕೆಡಿಸಿದವಳು ನಾನು. ಹೊರಡೋಣ ಎಂದು ಗೋಗರೆದವಳು ನಾನು. ನಿನ್ನಪ್ಪ ತೀರಿಕೊಂಡ ವರ್ಷ ಬಂದವರೆಲ್ಲ ಧೈರ್ಯ ತಂದುಕೋ ಎಂದು ಹೇಳಿ, ಕಾಫಿ ಕುಡಿದು ಹೋದರು. ಗಡಿಬಿಡಿ ಧೈರ್ಯದ ಮಾತೇ ಎತ್ತಲಿಲ್ಲ. ಸಂಜೆ ಸಂಜೆ ಬಂದು ತರಕಾರಿ ಹೆಚ್ಚಿ, ನಮ್ಮ ಮನೆಯ ಚಾಕುವಿಗೆ ಮೊಂಡು ಎಂದು ಬೈದು, ನಾನು ಎರಡು ತುತ್ತು ತಿಂದದ್ದನ್ನು ನೋಡಿ ಹೋಗುತ್ತಿದ್ದಳು. ಅಂಥವಳನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ನಿನ್ನ ಕಾರು ಹತ್ತಬೇಕೇ? ಸಾಧ್ಯವೇ ಇಲ್ಲ.

ಇನ್ನು ನಿನ್ನ ಇನ್ನೊಂದು ಪ್ರಶ್ನೆ. ‘ನಾವೇನು ಕಮ್ಮಿ ಮಾಡಿದ್ವಿ ನಿನಗೆ?’ ಏನೂ ಇಲ್ಲ ತಾಯಿ. ಬೆಳಕು ಬರುವ ಕೋಣೆ ಕೊಟ್ಟಿದ್ದೀಯ. ಮೊಮ್ಮಗಳು ರಾತ್ರಿ ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡೇ ಮಲಗುತ್ತಾಳೆ. ಅಳಿಯಂದಿರು ನಾನು ಕೂತ ಮೇಲೆಯೇ ಊಟಕ್ಕೆ ಕೈ ಇಡುವುದು. ಇಷ್ಟೆಲ್ಲ ಇರುವುದರಿಂದಲೇ ಹೊರಟೆ. ಮನೆಯಲ್ಲಿ ನೆಮ್ಮದಿ ಇಲ್ಲದವರು ಮಾತ್ರ ಊರು ಬಿಡಬೇಕು ಎಂದು ನಿನಗೆ ಯಾರು ಹೇಳಿಕೊಟ್ಟರು? ಹೊಟ್ಟೆ ತುಂಬಿದವಳಿಗೂ ಸಮುದ್ರ ನೋಡುವ ಆಸೆ ಇರುತ್ತದೆ. ಕೃತಜ್ಞತೆ ಎಂದರೆ ಕೊಟ್ಟ ಮೂಲೆಯಲ್ಲಿ ಕದಲದೆ ಕೂತಿರುವುದು ಎಂದು ನೀನು ಅಂದುಕೊಂಡಿದ್ದರೆ, ಆ ಕೃತಜ್ಞತೆ ನನಗೆ ಬೇಡ.

ಅವಳ ದೇವರು ಬೇರೆ, ನನ್ನ ದೇವರು ಬೇರೆ, ಇಬ್ಬರೂ ಜೊತೆಯಲ್ಲಿ ಹೋಗುವುದೇನು ಎಂದು ನಿನ್ನ ಅತ್ತೆ ಕೊಂಕು ಮಾತಾಡಿದರಂತೆ. ಹೇಳು ಅವರಿಗೆ: ಒಂದು ದಿನ ಅವಳ ದೇವರ ಮನೆಯಲ್ಲಿ ನಾನು ಅವಳ ಚಪ್ಪಲಿ ಕಾಯುತ್ತೇನೆ, ಮರುದಿನ ನನ್ನ ಕಡೆ ಅವಳು ಕಾಯುತ್ತಾಳೆ. ಇದುವರೆಗೆ ಎರಡೂ ಕಡೆ ಚಪ್ಪಲಿ ಕಳುವಾಗಿಲ್ಲ. ನಿನ್ನೆ ಗುಡ್ಡದ ಮೇಲೆ ನಾನು ಕಣ್ಣು ಮುಚ್ಚಿ ನಿಂತೆ. ಬೇಡುವುದಕ್ಕೆ ಏನೂ ನೆನಪಾಗಲಿಲ್ಲ. ನೀನು ಚೆನ್ನಾಗಿದ್ದೀಯ, ಮಂಡಿ ಇನ್ನೂ ಮಡಚುತ್ತದೆ, ಕೆಳಗೆ ಸಮುದ್ರ ಹೊಳೆಯುತ್ತಿದೆ. ಥ್ಯಾಂಕ್ಸ್ ಹೇಳುತ್ತಾ ನಿಂತೇ ಇದ್ದೆ. ಕೊನೆಗೆ ಗಡಿಬಿಡಿ ತೋಳು ಜಗ್ಗಿ, ‘ಸಾಕು ಬಾರೇ, ದೇವರಿಗೂ ಬೇರೆ ಕೆಲಸ ಇರುತ್ತೆ’ ಅಂದಳು.

ಆದ್ದರಿಂದ ಕೇಳಿಸಿಕೋ. ಶುಕ್ರವಾರ ಬೆಳಗ್ಗೆ ಎದುರಿನ ದ್ವೀಪಕ್ಕೆ ದೋಣಿ ಇದೆ. ಗಾಳಿ ಜೋರಾದರೆ ಶನಿವಾರವೋ ಭಾನುವಾರವೋ ಬಿಡುತ್ತಾರಂತೆ. ಎಂದು ಬಿಟ್ಟರೂ ನಾವಿಬ್ಬರೂ ಹತ್ತುತ್ತೇವೆ. ಅಲ್ಲಿಂದ ಮುಂದಕ್ಕೂ ಹೋಗುತ್ತೇವೆ. ಸುತ್ತಿ ಸಾಕಾದ ದಿನ ನಾನಾಗಿಯೇ ಬಂದು ನಿನ್ನ ಮನೆಯ ಗಂಟೆ ಒತ್ತುತ್ತೇನೆ. ಫೋನನ್ನು ಇನ್ನು ಮೇಲೆ ಕಪಾಟಿನಲ್ಲಿ ಇಡುವುದಿಲ್ಲ, ಇದೊಂದು ಮಾತು ಕೊಡುತ್ತೇನೆ. ಶನಿವಾರ ನೀನು ಬರಕೂಡದು.

ನಿನ್ನನ್ನು ಹೆತ್ತು, ಈಗಲೂ ನಿನಗೆ ಬಗ್ಗದ,
ಅಮ್ಮ

ತಾ.ಕ.: ಇಬ್ಬರೂ ನಕ್ಕೆವೆಂದು ಮೇಲೆ ಬರೆದಿದ್ದೇನೆ. ನಕ್ಕವಳು ಗಡಿಬಿಡಿ ಒಬ್ಬಳೇ. ನನ್ನ ಹಾಸಿಗೆಯಲ್ಲಿ ಬೇರೆ ಯಾರೋ, ಕೆಳಗೆ ಬಂದರೆ ಮ್ಯಾನೇಜರ್ ‘ನೀವ್ಯಾರಮ್ಮ?’ ಅಂದ. ಮೆಟ್ಟಿಲ ಮೇಲೆ ಕೂತು, ಮನೆಗೆ ಹೋಗೋಣ ಎಂದು ಅವಳ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತೆ. ಆ ಹೆದರಿಕೆ ಇನ್ನೂ ಪೂರ್ತಿ ಇಳಿದಿಲ್ಲ. ಹೆದರಿಕೊಂಡು ಈಗ ಬಂದರೆ ಮತ್ತೆಂದೂ ನಾನು ಹೊಸ್ತಿಲು ದಾಟುವುದಿಲ್ಲ. ಶನಿವಾರ ನಿನ್ನ ಮುಖ ಕಂಡರೆ, ಇಷ್ಟೆಲ್ಲ ಬರೆದವಳು ಒಂದು ಮಾತೂ ಆಡದೆ ನಿನ್ನ ಹಿಂದೆ ಬಂದುಬಿಡುತ್ತೇನೆ. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಬರಬೇಡ ಕಣೇ.