ಹಿಮದ ಮೇಲೆ ಹೊರಿಸಿದ ತಪ್ಪು

ಜೂನ್ 4, ಬೆಳಿಗ್ಗೆ 8

ರೀಡಿಂಗ್ ಆಯಿತು. ಜ್ವಾಲಾಮುಖಿಯ ಬುಡ ಹತ್ತೊಂಬತ್ತು ಮಿಲಿಮೀಟರ್ ಎದ್ದಿದೆ. ನೆತ್ತಿಯ ಹಿಮ ಕರಗಿ ಭಾರ ಇಳಿದರೆ ನೆಲ ಮೇಲೇಳುವುದು ಪ್ರತಿ ಬೇಸಿಗೆಯ ಕಥೆ. ಅದಕ್ಕೆಂದು ಎಂಟು ಮಿಲಿಮೀಟರ್ ಕಳೆದು, ಉಳಿದದ್ದನ್ನು ಮಾತ್ರ ಒಳಗಿನ ಲಾವಾದ ಒತ್ತಡವೆಂದು ಎಣಿಸುವ ಪದ್ಧತಿ ನಾನೇ ಮಾಡಿದ್ದು, ಇಪ್ಪತ್ತು ವರ್ಷದ ಹಿಂದೆ. ಈ ಸಲ ಸೆಖೆ ವಿಪರೀತ, ಹಿಮವೂ ಹೆಚ್ಚು ಕರಗಿದೆ... ಪೂರ್ತಿ ಹತ್ತೊಂಬತ್ತೂ ಕಳೆದೆ. ವರದಿಯಲ್ಲಿ ಸೊನ್ನೆ.

ನಮ್ಮ ಆಫೀಸಿನಲ್ಲಿ ಭೂಕಂಪನ ನೋಡುವ ಗಡ್ಡದವರು, "ಮೇಡಂ, ಹಳೇ ಎಂಟನ್ನೇ ಕಳೆದು ನೋಡೋಣ್ವಾ?" ಎಂದರು. ನನಗೇ ಪಾಠ! ಮುಖ ಗಂಟುಹಾಕಿ ಕೂತೆ.

ಜೂನ್ 19

ಕೆಳಗಿನ ಊರಿನಿಂದ ಅಕ್ಕನ ಫೋನ್.

"ಹೊಳೆ ನೀರು ಬೆಚ್ಚಗಿದೆ ಕಣೇ. ಗಂಟುಮೂಟೆ ಕಟ್ಬೇಕಾ?"

"ಬೇಸಿಗೇಲಿ ಇನ್ನೇನು ತಣ್ಣಗಿರುತ್ತಾ? ಬೆಟ್ಟ ಕಾಯೋಕೆ ನಾನಿದ್ದೀನಲ್ಲ. ಸುಮ್ನೆ ಇರು."

ನಕ್ಕಳು. ನಾನೂ ನಕ್ಕೆ.

ಜುಲೈ 2

ಬೆಟ್ಟ ಸಿಡಿಯಿತು. ಉಳಿದ ಹಿಮ ಒಮ್ಮೆಲೇ ಕರಗಿ, ಕೆಸರಾಗಿ ಹೊಳೆಗೆ ಇಳಿದಿದೆ. ಅಕ್ಕ ಶಾಲೆಯ ಮಾಳಿಗೆ ಮೇಲೆ ಸಿಕ್ಕಳು. ಭಾವ—

ಆಗಸ್ಟ್ 9

ತನಿಖೆಯವರು ವರದಿ ತಿರುವಿದರು. "ಮುನ್ಸೂಚನೆ ಇರಲಿಲ್ಲ ಅಲ್ವಾ ಮೇಡಂ?" ಇರಲಿಲ್ಲವೆಂದು ತಲೆಯಾಡಿಸಿದೆ. ಗಡ್ಡದವರು ಕಿಟಕಿ ಕಡೆ ನೋಡುತ್ತಿದ್ದರು. ನನ್ನ ಬಗ್ಗೆ ನನಗೇ ಅಸಹ್ಯ.

ಮೇ 28

ವರ್ಷವಾಗುತ್ತಾ ಬಂತು. ಬೇಸಿಗೆಯಲ್ಲೂ ಸ್ವೆಟರ್. ಬೆಟ್ಟ ಉಗುಳಿದ ಗಂಧಕದ ಹೊಗೆ ಮುಗಿಲೆತ್ತರದಲ್ಲಿ ಹರಡಿ ಬಿಸಿಲನ್ನೇ ತಡೆದಿದೆ. ಸೆಖೆ ಹಿಮ ಕರಗಿಸಿ ಬೆಟ್ಟವನ್ನು ಕೆಣಕಿತೋ ಏನೋ, ಬೆಟ್ಟ ಸೆಖೆಯ ಬಾಯಿ ಮುಚ್ಚಿಸಿತು. ಅದೂ ಒಂದೆರಡು ವರ್ಷದ ಮಾತು. ಆಮೇಲೆ ಮತ್ತೆ ಅದೇ ಸೆಖೆ, ಅದೇ ಕರಗುವಿಕೆ. ಆಫೀಸಿನಲ್ಲಿ ಎಲ್ಲರಿಗೂ ತಂಪಿನ ಖುಷಿ. ನನಗೆ ಊಟ ಸೇರುತ್ತಿಲ್ಲ.

ಜೂನ್ 11, ಸಂಜೆ

ಅಕ್ಕನ ಬಾಡಿಗೆ ಕೋಣೆಗೆ ಹೋಗಿದ್ದೆ. ಭಾವನ ಶರ್ಟು ಮಡಿಸುತ್ತಿದ್ದಳು. ಒಂದನ್ನೇ ಮೂರು ಸಲ. ತಾನಾಗಿಯೇ ಬಾಯಿಬಿಟ್ಟಳು.

"ಅವರು ಆ ನೀರು ಮುಟ್ಟಿದ ದಿನಾನೇ ಹೊರಟುಬಿಡೋಣ ಅಂದಿದ್ರು ಕಣೇ. ನಾನೇ ಬಿಡಲಿಲ್ಲ. ತಂಗಿ ಹೇಳಿದ್ದಾಳೆ, ಏನೂ ಆಗಲ್ಲ ಅಂತ ಹಟ ಮಾಡ್ದೆ. ಕೈಯಾರೆ ಕೊಂದೆ ಅವರನ್ನ."

ಇಡೀ ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ. ಬೆನ್ನು ಸವರಿ ಎದ್ದು ಬಂದೆ. ಹೇಡಿ ನಾನು.

ಜೂನ್ 12, ಬೆಳಿಗ್ಗೆ 6

ಫೋನಿನಲ್ಲಿ ಬೇಡ. ಎದುರಿಗೇ ಹೇಳಬೇಕು. ಮಾತು ತಪ್ಪಬಾರದೆಂದು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ:

ಅಕ್ಕ, ನೀನು ಕೊಂದಿಲ್ಲ. ನೆಲ ಎದ್ದಿದ್ದು ನನಗೆ ಕಾಣಿಸಿತ್ತು. ಕಂಡೂ ನಾನು ವರದಿಯಲ್ಲಿ ಸೊನ್ನೆ—